ಮುತ್ತಜ್ಜ ಗೆದ್ದ ಹೊಲ

ತಂಗಿಯ ಫೋನು ಬಂದಾಗ ನಾನು ಕುವೈತಿನ ಫಹಾಹೀಲ್ ಪಟ್ಟಣದ ದಕ್ಷಿಣಕ್ಕೆ, ಹೊಸ ಪೈಪ್‌ಲೈನ್ ಹಾಯುವ ಬಯಲಿನಲ್ಲಿ ಟ್ರೈಪಾಡಿನ ಕಾಲು ಊರುತ್ತಿದ್ದೆ. ನಾನು ಸರ್ವೇಯರ್. ನಾನು ಕೆಲಸದಲ್ಲಿರುವ ಹೊತ್ತಿಗೆ ಅವಳು ಫೋನು ಮಾಡುವವಳಲ್ಲ. ಅವ್ವನಿಗೆ ಏನೋ ಆಗಿಹೋಯಿತೆಂದುಕೊಂಡೆ.

"ಅಣ್ಣಾ, ಅವ್ವಗ ಏನೂ ಆಗಿಲ್ಲ, ಅಂಜಬ್ಯಾಡ," ಎಂದು ಅವಳೇ ಮೊದಲು ಹೇಳಿದಳು. "ಹಳ್ಳದ ಹೊಲದ ಮ್ಯಾಲ ಕೋರ್ಟಿನಿಂದ ಸ್ಟೇ ಬಂದದ. ಅಲ್ಲಿ ಏನೂ ಕಟ್ಟಬಾರದು, ಏನೂ ಅಗೀಬಾರದು ಅಂತ ಬರದಾರ. ಹಳ್ಳದಾಚಿ ಊರಿನ ಮುದುಕ ಒಬ್ಬಾಂವ ಕೇಸ್ ಹಾಕ್ಯಾನ, ಹೊಲ ತಮ್ಮ ಅಜ್ಜಂದಂತ."

ಕಟ್ಟಬಾರದು ಎಂಬುದು ನಮಗೆ ದೊಡ್ಡ ಮಾತಲ್ಲ, ಅಲ್ಲಿ ನಾವು ಏನನ್ನೂ ಕಟ್ಟುವವರಿರಲಿಲ್ಲ. ಅಗೆಯಬಾರದು ಎಂಬುದೇ ನಮ್ಮ ಕುತ್ತಿಗೆಗೆ ಬಂದದ್ದು. ಅಪ್ಪನನ್ನು ಆ ಹೊಲದಲ್ಲಿಯೇ ಮಣ್ಣು ಮಾಡಿದ್ದೇವೆ. ನಾವು ಲಿಂಗಾಯತರು, ಸುಡುವುದಿಲ್ಲ. ಸ್ವಂತ ಹೊಲ ಇದ್ದವರು ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ. ಅಪ್ಪನ ಗದ್ದುಗೆ ಕಟ್ಟಿಸುವಾಗ ಅವ್ವ ಬಿಸಿಲಲ್ಲಿ ತಾನೇ ನಿಂತು ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡಿಸಿದ್ದಳು. ಗೌಂಡಿ ಕಲ್ಲನ್ನು ಒಂದು ಮೊಳ ಸರಿಸಿದ್ದಕ್ಕೆ, "ನಾ ಎಲ್ಲಿ ಕೂಡಲಿ, ನಿನ್ನ ತಲಿಮ್ಯಾಲೇನು?" ಎಂದು ಬೈದು ಎಲ್ಲರನ್ನೂ ನಗಿಸಿದ್ದಳು. ಈಗ ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ತಂಗಿಯ ಮನೆಯಲ್ಲಿದ್ದುಕೊಂಡು ತಾಲ್ಲೂಕಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಇನ್ನು ಎಷ್ಟು ದಿನ ಎಂದು ಡಾಕ್ಟರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಅವಳು ಮಾತ್ರ ಸ್ಟೇ ಬಂದ ದಿನವೇ ತಂಗಿಯನ್ನು ಕೇಳಿದಳಂತೆ: "ಹಂಗಾದ್ರ ನನ್ನ ಎಲ್ಲಿ ಒಯ್ತೀರಿ?"

ಆ ಹೊಲ ಇರುವುದು ಹಳ್ಳದ ದಂಡೆಗೆ. ಈಗ ಹಳ್ಳದ ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ನಮ್ಮ ಮುತ್ತಜ್ಜನ ಕಾಲಕ್ಕೆ ಈಚೆ ನಿಜಾಮನ ಸೀಮೆ, ಆಚೆ ಇಂಗ್ರೇಜಿಯವರದು. ಗಡಿಯ ಜನಕ್ಕೆ ಹಳ್ಳವೆಂದರೆ ಹಿತ್ತಲ ಬಾಗಿಲು. ಈಚೆಯ ಪಾಟೀಲ ಕಾಡಿದರೆ ಆಚೆ, ಆಚೆಯ ಫೌಜದಾರ ಕಾಡಿದರೆ ಈಚೆ. ನಮ್ಮ ಮುತ್ತಜ್ಜ ಆ ಹೊಲಕ್ಕಾಗಿ ನಿಜಾಮನ ಸರಕಾರದ ಮೇಲೆಯೇ ಕೋರ್ಟಿಗೆ ಹೋಗಿ ಗೆದ್ದು ಬಂದನೆಂಬುದು ನಮ್ಮ ಮನೆತನದ ದೊಡ್ಡ ಹೆಮ್ಮೆ. ಮದುವೆಗೆ ಹೆಣ್ಣು ನೋಡಲು ಹೋದಲ್ಲೂ ನನ್ನ ಅಜ್ಜ ಈ ಮಾತು ತೆಗೆಯದೆ ಚಹಾ ಕುಡಿಯುತ್ತಿರಲಿಲ್ಲವಂತೆ.

ಊರಿನ ವಕೀಲರಿಗೆ ಫೋನು ಮಾಡಿದೆ. ವಯಸ್ಸಿನಲ್ಲಿ ಚಿಕ್ಕವರು, ಮಾತು ಚುರುಕು.

"ಪಹಣಿ ನಿಮ್ಮ ಹೆಸರಿಗೆ ಅದ ಖರೆ ಸರ್," ಎಂದರು. "ಆದ್ರ ಪಹಣಿ ಅಂದ್ರ ಮಾಲ್ಕಿ ಅಲ್ಲ. ನಿಮ್ಮ ಮನಿತನದ ಹೆಸರು ಮೊದಲಿಗೆ ಹ್ಯಾಂಗ ಹತ್ತಿತು ಅನ್ನೂದು ತೋರಸ್ಬೇಕು. ನಿಮ್ಮ ಮುತ್ತಜ್ಜ ಗೆದ್ದ ತೀರ್ಪಿನ ನಕಲು ತರ್ರಿ, ಮರುತಾರೀಖಿಗೇ ಸ್ಟೇ ಕಿತ್ತಸ್ತೀನಿ. ಆ ಮುದುಕನ ಹತ್ರ ಒಂದು ಚೂರು ಕಾಗದಿಲ್ಲ."

ನಮ್ಮ ಹತ್ತಿರ ಇದ್ದದ್ದೂ ಚೂರೇ. ದೇವರ ಜಗುಲಿಯ ಕೆಳಗಿನ ಟ್ರಂಕಿನಲ್ಲಿ ಹಳೆಯ ಸಮನ್ಸಿನ ಅರ್ಧ ಹಾಳೆ ಇತ್ತು. ತಂಗಿ ಅದರ ಫೋಟೋ ಕಳಿಸಿದಳು. ಉರ್ದು ಬರಹ, ಅದೂ ಗುಮಾಸ್ತರು ಓಡಿಸಿ ಬರೆದದ್ದು. ಅಕ್ಷರ ನನಗೆ ಬರುವುದಿಲ್ಲ. ಆದರೆ ಅಂಕಿ ಬರುತ್ತದೆ. ಕುವೈತಿನಲ್ಲಿ ಇಷ್ಟು ವರ್ಷ ಗಾಡಿಗಳ ನಂಬರ್ ನೋಡಿದವನಿಗೆ ಅರಬ್ಬೀ ಅಂಕಿ ಯಾವ ಲೆಕ್ಕ? ಮಿಸಲಿನ, ಅಂದರೆ ಕೋರ್ಟಿನ ಕಡತದ, ನಂಬರು ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಇಸವಿ, ಅದರ ಮುಂದಿನ ಅಂಚನ್ನು ಗೆದ್ದಲು ತಿಂದಿತ್ತು. ನಾನು ಮೊಬೈಲಿನಲ್ಲಿ ಹಿಜರಿ ಇಸವಿಯನ್ನು ಇಂಗ್ಲಿಷ್ ಇಸವಿಗೆ ತಿರುಗಿಸುವ ಆ್ಯಪ್ ತೆರೆದು, ವರ್ಷ ಹಾಕಿ, ಬಂದ ಇಸವಿಯನ್ನು ವಕೀಲರಿಗೆ ಬರೆದು ಕಳಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದೆ ಮುಖ್ತಿಯಾರ್ ಪತ್ರದ ಕೆಲಸ. ಪಹಣಿ ಅಪ್ಪನ ನಂತರ ನನ್ನ ಹೆಸರಿಗೆ ಆಗಿದ್ದರಿಂದ ತಂಗಿ ನನ್ನ ಪರವಾಗಿ ಅರ್ಜಿ ಹಾಕಬೇಕಾದರೆ ನಾನು ಇಲ್ಲಿ ಸಹಿ ಮಾಡಿದ ಪತ್ರ ಬೇಕು. ಅದಕ್ಕೆ ನಮ್ಮ ರಾಯಭಾರ ಕಚೇರಿಯಲ್ಲಿ ಮುಂಗಡ ಸಮಯ ತೆಗೆದುಕೊಳ್ಳಬೇಕು, ಸಿವಿಲ್ ಐಡಿ ಇರುವ ಇಬ್ಬರು ಸಾಕ್ಷಿಗಳನ್ನು ಅವರವರ ಡ್ಯೂಟಿ ಬಿಡಿಸಿ ಕರೆದೊಯ್ಯಬೇಕು. ಮೊದಲ ಸಲ ಸಾಕ್ಷಿಯೊಬ್ಬನ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣದಲ್ಲಿತ್ತು, ವಾಪಸ್. ಎರಡನೆಯ ಸಲ ಸರ್ವೆ ನಂಬರಿನಲ್ಲಿ ಹಿಸ್ಸೆ, ಅಂದರೆ ನಮ್ಮ ತುಂಡಿನ ಅಂಕಿ, ಬಿಟ್ಟುಹೋಗಿತ್ತು. ಸರ್ವೇಯರ್ ಆದ ನಾನೇ ಬಿಟ್ಟಿದ್ದೆ! ಮತ್ತೆ ಟೈಪು, ಮತ್ತೆ ಸಾಲು. ಪತ್ರ ಊರು ಮುಟ್ಟಿ, ಅಲ್ಲಿ ಅದಕ್ಕೆ ಮುದ್ರಾಂಕ ಕಟ್ಟಿ, ಜಿಲ್ಲಾ ಕೋರ್ಟಿನ ದಾಖಲೆ ಕೋಣೆಗೆ ಅರ್ಜಿ ಹೋಗುವಷ್ಟರಲ್ಲಿ ಇಲ್ಲಿ ಬೇಸಿಗೆ ಏರಿತ್ತು. ಮಧ್ಯಾಹ್ನ ಬಯಲಿನಲ್ಲಿ ಕೆಲಸ ನಿಲ್ಲಿಸುವ ತಿಂಗಳುಗಳು ಬಂದವು. ಆ ಬಿಡುವಿನಲ್ಲಿ ಪೋರ್ಟಾಕ್ಯಾಬಿನ್ನಿನಲ್ಲಿ ಕೂತು ಫೋನಿನ ಹಾದಿ ಕಾಯುತ್ತಿದ್ದೆ.

ದಾಖಲೆ ಕೋಣೆಯಿಂದ ಹಿಂಬರಹ ಬಂತು. ಆ ಇಸವಿಯ ಗಂಟಿನಲ್ಲಿ ಆ ನಂಬರಿನ ಮಿಸಲು ಇಲ್ಲ.

ಆಚೆಗೊಂದು ವರ್ಷ, ಈಚೆಗೊಂದು ವರ್ಷ ಹುಡುಕಿಸಲು ಮತ್ತೆ ಅರ್ಜಿ ಹಾಕಿಸಿದೆ. ಮತ್ತೆ ಇಲ್ಲ. ವಕೀಲರು, "ಹಳೇವು ಭಾಳ ಹುಳ ತಿಂದಾವ ಸರ್, ಎಲ್ಲಿಂದ ಸಿಗಬೇಕು?" ಎಂದು ಕೈಚೆಲ್ಲಿದರು. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿತ್ತು. ಅಷ್ಟರಲ್ಲಿ, ಗೋಡೆ ಹಿಡಿದಾದರೂ ನಡೆಯುತ್ತಿದ್ದ ಅವ್ವ ಹಾಸಿಗೆ ಹಿಡಿದಳು.

ನನಗೆ ಗೊತ್ತಿರುವ ಕಸುಬಿನಿಂದಲೇ ಏನಾದರೂ ಆದೀತೆಂದು ಹೊಲದ ಹಳೆಯ ಟಿಪ್ಪಣ ನಕಾಶೆ, ಊರಿನ ನಕಾಶೆ ತರಿಸಿದೆ. ಉಪಗ್ರಹದ ಚಿತ್ರದ ಮೇಲೆ ಅವನ್ನು ಕೂರಿಸಿ, ಗಡಿಯ ಬಾಂದುಕಲ್ಲುಗಳ ಜಾಗ ಒಂದೊಂದಾಗಿ ಹೊಂದಿಸಿದೆ. ಹಳ್ಳ ಎಷ್ಟು ಸರಿದಿದೆ, ಬದು ಎಲ್ಲಿ ತಿಂದಿದೆ, ಎಲ್ಲ ನಿಖರವಾಗಿ ಬಂತು. ಅಪ್ಪನ ಗದ್ದುಗೆ ನಮ್ಮ ಹಿಸ್ಸೆಯ ಒಳಗೇ ಇತ್ತು. ಚಂದದ ಡ್ರಾಯಿಂಗ್. ವಕೀಲರು ನೋಡಿ, "ಹೊಲ ಎಲ್ಲಿ ಅದ ಅಂತ ಯಾರೂ ತಕರಾರು ಮಾಡಿಲ್ಲಲ್ರಿ, ಯಾರ್ದು ಅಂತ ಕೇಳ್ಲತ್ತಾರ," ಎಂದರು. ಅವರ ಮಾತು ನಿಜವಾಗಿತ್ತು. ಇಪ್ಪತ್ತು ವರ್ಷದಿಂದ ಮರಳಿನಲ್ಲಿ ಕಂಡವರ ಜಾಗಕ್ಕೆ ಗೂಟ ಹೊಡೆದವನು, ನನ್ನ ಅವ್ವನಿಗೆ ಆರು ಅಡಿ ಜಾಗ ಗೊತ್ತುಮಾಡಲಾರದೆ ಹೋದೆ. ರಜೆ ಕೇಳಿದರೆ, ಪೈಪ್‌ಲೈನ್ ಜೋಡಣೆ ಮುಗಿಯುವ ತನಕ ಯಾರಿಗೂ ಇಲ್ಲ ಎಂದರು.

ಕೊನೆಗೆ, ಸಮನ್ಸಿನ ಆ ಚೂರಿನಲ್ಲಿ ಅಂಕಿಯ ಹೊರತು ಇನ್ನೇನಿದೆಯೆಂದು ಓದಿಸಿಯಾದರೂ ನೋಡೋಣವೆನಿಸಿತು. ಇದು ಮೊದಲ ದಿನವೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇಲ್ಲಿಯ ಸಲ್ವಾ ಬಡಾವಣೆಯಲ್ಲಿ ಲಾಹೋರಿನ ಕಡೆಯ ವೃದ್ಧ ತರ್ಜುಮೆಕಾರರೊಬ್ಬರಿದ್ದಾರೆ. ಅರಬ್ಬಿ, ಉರ್ದು, ಇಂಗ್ಲಿಷ್ ಮೂರರಲ್ಲೂ ಕಾಗದಪತ್ರ ಮಾಡಿಕೊಡುವವರು, ತಮ್ಮೂರಿನಲ್ಲಿ ಕಾನೂನು ಓದಿದವರು. ಶುಕ್ರವಾರ ಅವರ ಮನೆಗೆ ಹೋದೆ. ಫೋನಿನ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ದೊಡ್ಡದು ಮಾಡಿ, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಹೆಸರುಗಳನ್ನು ಓದಿದರು. ನನ್ನ ಮುತ್ತಜ್ಜನ ಹೆಸರು ಅವರ ಬಾಯಲ್ಲಿ ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡೆ. ಆಮೇಲೆ ತಾರೀಖು ಓದಿದರು. "ಮಾಹ್ ಬಹಮನ್," ಎಂದರು, ಅಂದರೆ ಬಹಮನ್ ತಿಂಗಳು.

"ಯಾವ ತಿಂಗಳು ಅಂದ್ರಿ ಭಾಯಿಸಾಬ್?" ಎಂದು ಕೇಳಿದೆ.

ಅವರು ಮತ್ತೆ ಅದನ್ನೇ ಹೇಳಿದರು. ನಮ್ಮ ಸೈಟ್ ಆಫೀಸಿನ ಗೋಡೆಯ ಮೇಲೆ ಹಿಜರಿ ಕ್ಯಾಲೆಂಡರ್ ಇದೆ. ಮೊಹರಂ, ಸಫರ್, ರಬಿ ಎಂದು ಹನ್ನೆರಡೂ ನನಗೆ ಗೊತ್ತು. ಬಹಮನ್ ಅದರಲ್ಲಿಲ್ಲ. ಹಿಜರಿಯಲ್ಲದ ತಿಂಗಳೆಂದ ಮೇಲೆ ಇಸವಿಯೂ ಹಿಜರಿಯದಲ್ಲ. ನಿಜಾಮನ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ಲೆಕ್ಕ, ಪೈರಿನ ವರ್ಷ. ನಮ್ಮೂರಿನಲ್ಲಿ ಹಳೆಯ ತಲೆಗಳು ಈಗಲೂ ಫಸಲಿ ಎನ್ನುತ್ತಾರೆ. ಅಜ್ಜನ ಬಾಯಲ್ಲಿ ನೂರು ಸಲ ಕೇಳಿದ್ದೆ. ಇಸವಿಯ ಮುಂದೆ ಇದ್ದಿರಬಹುದಾದ ಫಸಲಿಯ ಗುರುತು ಗೆದ್ದಲಿನ ಪಾಲಾಗಿತ್ತು, ನಾನು ಕುವೈತಿನಲ್ಲಿ ಕೂತು ಅರಬ್ಬೀ ಅಂಕಿ ಕಂಡ ಕೂಡಲೇ ಹಿಜರಿ ಎಂದುಕೊಂಡುಬಿಟ್ಟೆ. ಎರಡಕ್ಕೂ ಆ ಕಾಲದಲ್ಲಿ ಒಂಬತ್ತು ವರ್ಷದಷ್ಟು ಅಂತರ. ಅಂಕಿಯನ್ನು ಇದ್ದ ಹಾಗೆ ಬರೆದು ಕಳಿಸಿದ್ದರೆ ದಾಖಲೆ ಕೋಣೆಯ ಯಾರಾದರೂ ಆವತ್ತೇ ಸರಿಯಾದ ಗಂಟು ಬಿಚ್ಚುತ್ತಿದ್ದರು. ನಾನು ಶ್ಯಾಣ್ಯಾ, ತಿರುಗಿಸಿ ಕಳಿಸಿದ್ದೆ. ಅವ್ವ ಕಾಲ ಮೇಲಿದ್ದ ತಿಂಗಳುಗಳೆಲ್ಲ ಅದರಲ್ಲೇ ಕಳೆದುಹೋದವು.

ಹೊಸ ಅರ್ಜಿಗೆ ಮಿಸಲು ಸಿಕ್ಕಿತು. ವಕೀಲರು ನಕಲಿಗೆ ಹಣ ತುಂಬಿ, ಅದರ ಪುಟಗಳ ಫೋಟೋಗಳನ್ನು ನನಗೆ ಕಳಿಸಿದರು. ಅವುಗಳಲ್ಲಿ ಕೆಲವು ಮಸುಕಾಗಿದ್ದವು. ಇದ್ದಷ್ಟನ್ನು ಹಿಡಿದು ಸಲ್ವಾಕ್ಕೆ ಓಡಿದೆ. ತರ್ಜುಮೆಕಾರರು ಒಂದೊಂದೇ ಸಾಲು ಬಿಡಿಸುತ್ತ ಹೋದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಹೊಲ ವಾರಸುದಾರರಿಲ್ಲದ್ದೆಂದು ಸರಕಾರ ಜಪ್ತಿ ಮಾಡಿತ್ತು. ಅದನ್ನು ಪ್ರಶ್ನಿಸಿ ಅರ್ಜಿ ಕೊಟ್ಟವನು ನನ್ನ ಮುತ್ತಜ್ಜ. ಎದುರುದಾರ ಸರಕಾರ. ಆದೇಶದ ಮೊದಲ ಹಾಳೆಯ ಕೊನೆಯ ಸಾಲು: ಜಪ್ತಿ ತೆರವು ಮಾಡಿ ಹೊಲವನ್ನು ಅರ್ಜಿದಾರನ ಸ್ವಾಧೀನಕ್ಕೆ ಕೊಡತಕ್ಕದ್ದು. ಮುಂದಿನ ಹಾಳೆಯೇ ಮಸುಕು.

ನನಗೆ ಅಷ್ಟು ಸಾಕಾಗಿತ್ತು. ಅವರ ಮನೆಯ ಮೆಟ್ಟಿಲ ಮೇಲೆ ನಿಂತೇ ತಂಗಿಗೆ ಫೋನು ಮಾಡಿ, "ಅಜ್ಜ ಹೇಳಿದ್ದು ಖರೆ ಅದವಾ, ಮುತ್ತಜ್ಜ ಗೆದ್ದಾನ!" ಎಂದೆ. ತಂಗಿ ಅತ್ತಳು. ಫೋನನ್ನು ಅವ್ವನ ಕಿವಿಗೆ ಹಿಡಿದಳು. ಅವ್ವ ಆ ದಿನ ಮಜ್ಜಿಗೆ ಅನ್ನ ಕೇಳಿ ಉಂಡಳಂತೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ. ಅರ್ಧ ವಾಕ್ಯ ಓದಿ ಊರಿಗೆಲ್ಲ ಸಕ್ಕರೆ ಹಂಚಿದೆ.

ಮಸುಕು ಹಾಳೆಗಳ ಹೊಸ ಫೋಟೋ ಮುಂದಿನ ವಾರ ಬಂತು. ತರ್ಜುಮೆಕಾರರು ಓದತೊಡಗಿದವರು ನಡುವೆ ನಿಲ್ಲಿಸಿದರು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ಆಮೇಲೆ ನನ್ನನ್ನು ನೋಡದೆ, ಚಹಾ ಕುಡಿಯುತ್ತೀರಾ ಎಂದು ಕೇಳಿದರು. ಬೇಡವೆಂದೆ.

ಮುಂದಿನ ಹಾಳೆಯಲ್ಲಿ ಆ ವಾಕ್ಯ ಮುಂದುವರಿದಿತ್ತು: ಅರ್ಜಿದಾರನು ಕೊಟ್ಟ ಹೇಳಿಕೆಯ ಶರತ್ತಿಗೆ ಒಳಪಟ್ಟು. ಅದರ ಹಿಂದೆಯೇ ಆ ಹೇಳಿಕೆ, ಕೆಳಗೆ ಹೆಬ್ಬೆಟ್ಟಿನ ಗುರುತು. ಮುತ್ತಜ್ಜ ಕೋರ್ಟಿನಲ್ಲಿ ನಿಂತು ಹೇಳಿದ್ದು ಇಷ್ಟು: "ಈ ಹೊಲ ನನ್ನದಲ್ಲ. ನನ್ನ ನೆರೆಯವನದು. ಪಾಟೀಲನ ಕಾಟ ತಾಳಲಾರದೆ ಅವನು ಹೆಂಡತಿ ಮಕ್ಕಳೊಂದಿಗೆ ಹಳ್ಳ ದಾಟಿ ಹೋಗಿದ್ದಾನೆ. ಹೋಗುವಾಗ ಹೊಲ ನನ್ನ ಕೈಗೆ ಒಪ್ಪಿಸಿದ್ದಾನೆ. ಅವನಾಗಲಿ ಅವನ ಸಂತಾನವಾಗಲಿ ಬರುವ ತನಕ ಬಿತ್ತಿ ಕಾಯುತ್ತೇನೆ, ಬಂದ ದಿನ ಬಿಟ್ಟುಕೊಡುತ್ತೇನೆ." ನೆರೆಯವನ ಹೆಸರೂ ಅಲ್ಲಿತ್ತು. ಕೇಸು ಹಾಕಿದ ಮುದುಕನ ಅಜ್ಜನ ಹೆಸರು ಅದು.

ಮುತ್ತಜ್ಜ ಸರಕಾರದ ಮೇಲೆ ಗೆದ್ದದ್ದು ನಿಜ. ಗೆದ್ದದ್ದು ನೆರೆಯವನ ಸಲುವಾಗಿ. ಆಮೇಲೆ ಯಾವ ತಲೆಮಾರಿನಲ್ಲಿ, ಯಾವ ಮೋಜಣಿಯ ಅಳತೆಯಲ್ಲಿ ಅದು ನಮ್ಮದಾಗಿ ಹೋಯಿತೋ, ಯಾರು ಯಾರಿಗೆ ಹೇಳದೆ ಸತ್ತರೋ ನನಗೆ ಗೊತ್ತಿಲ್ಲ. ಅಂಥ ಮನುಷ್ಯನ ಮರಿಮಗ ಎಂದು ಒಂದು ಕ್ಷಣ ಎದೆ ತುಂಬಿತು. ಮರುಕ್ಷಣವೇ ಅವ್ವ ನೆನಪಾದಳು.

ವಕೀಲರಿಗೆ ಹೇಳಿದೆ. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ.

"ಮೊದಲ್ನೇ ಹಾಳಿ ಅಷ್ಟೇ ಹಚ್ಚೂಣು ಸರ್. ಉಳಿದದ್ದು ಹುಳ ತಿಂದಾವ ಅಂದ್ರ ಯಾರ್ ಕೇಳ್ತಾರ? ಆ ಮುದುಕಗ ಉರ್ದು ಬರಲ್ಲ, ಅವನ ವಕೀಲಗೂ ಬರಲ್ಲ. ನಿಮ್ಮ ತಾಯಿ ಕೆಲಸ ಒಮ್ಮೆ ಆಗ್ಲಿ, ಆಮ್ಯಾಲ ನೋಡ್ಕೊಳ್ಳೂಣಂತ."

ಕೆಟ್ಟ ಮನುಷ್ಯನಲ್ಲ ಆತ. ನಮ್ಮ ಅವ್ವನ ಮೇಲಿನ ಕನಿಕರದಿಂದಲೇ ಹೇಳಿದ್ದು. ತಂಗಿಯೂ ಅದನ್ನೇ ಹೇಳಿದಳು, ಕೂಗಿ ಹೇಳಿದಳು. "ಅಣ್ಣಾ, ಡಯಾಲಿಸಿಸಿಗೆ ಕರ್ಕೊಂಡು ಹೋಗಾಕಿ ನಾ. ರಾತ್ರಿ ಹಗಲ ಅಕಿ ಬಾಯಾಗ ಅದೊಂದೇ ಮಾತು. ನೀ ಅಲ್ಲಿ ಕೂತು ಧರ್ಮರಾಯ ಆಗಬ್ಯಾಡ."

ಕೆಲವು ದಿನ ಬಯಲಿನಲ್ಲಿ ಲೆವೆಲ್ ತೆಗೆಯುತ್ತ ತಪ್ಪು ಓದಿ ಬೈಸಿಕೊಂಡೆ. ಒಂದು ಹಾಳೆ ಹಚ್ಚಿ ಇನ್ನೊಂದನ್ನು ಮುಚ್ಚಿಡುವುದು ಸುಲಭವಿತ್ತು. ಆದರೆ ನನ್ನ ಕಸುಬಿನಲ್ಲಿ ಬಾಂದುಕಲ್ಲು ಸಿಕ್ಕ ಮೇಲೆ ಅದರ ಮೇಲೆ ಮಣ್ಣೆಳೆದು ಬರುವವನನ್ನು ನಾವು ಕಳ್ಳ ಎನ್ನುತ್ತೇವೆ. ಅದೂ ಅಲ್ಲದೆ, ಹೆಬ್ಬೆಟ್ಟೊತ್ತಿ ಕೊಟ್ಟ ಮಾತಿನ ಮೇಲೆ ಕಳ್ಳತನದಿಂದ ಅವ್ವನನ್ನು ಕೂರಿಸುವುದು ನನ್ನ ಕೈಲಾಗಲಿಲ್ಲ. ಮುಚ್ಚಿಡುವುದಿಲ್ಲ, ಎದುರಿನವನಿಗೇ ಹೇಳಿ ಅವನನ್ನೇ ಬೇಡುತ್ತೇನೆ ಎಂದು ನಿಶ್ಚಯಿಸಿ ಮುದುಕನ ನಂಬರು ಹುಡುಕಿಸಿದೆ.

ಮುದುಕ ಫೋನೆತ್ತಿದಾಗ ಹಿಂದೆ ಹಿಟ್ಟಿನ ಗಿರಣಿಯ ಸದ್ದು. ನಾನು ಯಾರೆಂದು ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಮಿಸಲಿನಲ್ಲಿದ್ದದ್ದನ್ನೆಲ್ಲ ಓದಿ ಹೇಳಿದೆ. ಗಿರಣಿ ನಿಲ್ಲಿಸಲು ಯಾರಿಗೋ ಮರಾಠಿಯಲ್ಲಿ ಕೂಗಿದ. ಮತ್ತೊಮ್ಮೆ ಓದಲು ಹೇಳಿದ. ಓದಿದೆ.

"ನಮ್ಮಜ್ಜ ಸಾಯೂಮುಂದ ಹೇಳಿದ್ದ, ಆಚಿ ದಂಡಿಗಿ ನಮ್ಮ ಹೊಲ ಒಬ್ಬ ದೇವರಂಥಾ ಮನಷ್ಯಾನ ಕೈಯಾಗ ಅದ ಅಂತ," ಎಂದ. "ನಾವು ಸುಳ್ಳಂತ ತಿಳಕೊಂಡಿದ್ದಿವು ತಮ್ಮಾ."

ನಾನು ಅವ್ವನ ವಿಷಯ ಹೇಳಿದೆ. ಕೈಮುಗಿದು ಕೇಳುತ್ತೇನೆ, ಹೊಲ ಬಿಟ್ಟುಕೊಡುತ್ತೇವೆ, ಅಪ್ಪನ ಪಕ್ಕ ಒಂದು ಜಾಗ ಮಾತ್ರ ಬೇಕು ಎಂದೆ.

"ಅಯ್ಯ, ಇದೇನ್ ಕೇಳ್ತೀ? ನಿಮ್ಮಪ್ಪನ್ನ ಎಬ್ಬಸ್ತೀವಂತ ಅಂದೀವೇನು? ಆ ತಾಯೀನ್ನ ತರ್ರಿ. ಗದ್ದಿಗಿ ಮುಂದಿನ ಸಂಜೀ ದೀಪಕ್ಕ ಎಣ್ಣಿ ನಾವ ಹಾಕ್ತೀವಿ. ಕೋರ್ಟಿಗೆ ಬಂದು ಬರದು ಕೊಡ್ತೀನಿ, ಇದೇ ತಾರೀಖಿಗೆ." ಸಂಜೆಯ ದೀಪದ ಎಣ್ಣೆಯ ತನಕ ಆತ ಯೋಚಿಸಿದ್ದ.

ಫೋನಿಟ್ಟು ಗಾಡಿಯ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು. ತಂಗಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಫೋನನ್ನು ಅವ್ವನ ಮುಖದ ಮುಂದೆ ಹಿಡಿದಳು. ಮುಖ ಊದಿತ್ತು, ಕಣ್ಣು ಸಣ್ಣಗಾಗಿದ್ದವು.

"ಅವ್ವಾ, ಎಲ್ಲಾ ಬಗಿಹರೀತು. ಅಪ್ಪನ ಬಾಜೂಕ ನಿನ್ನ ಜಾಗ ನಿನಗ ಅದ."

"ಕೋರ್ಟಿನಾಗ ಗೆದ್ದೇನು?"

ಹೌದು ಎಂದು ಒಂದು ಮಾತು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮುತ್ತಜ್ಜನ ದೊಡ್ಡತನ, ಮುದುಕನ ದೊಡ್ಡತನ ಎರಡೂ ನನ್ನೊಳಗೆ ಉಕ್ಕುತ್ತಿದ್ದವು. ಅವ್ವನಿಗೂ ಹೆಮ್ಮೆಯಾದೀತೆಂದು ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ನಿದ್ದೆ ಹೋದಳೇನೋ ಎಂದುಕೊಂಡೆ.

"ಅಂದ್ರ ಹೊಲ ಅವರ್ದು," ಎಂದಳು.

"ಹೌದವ್ವಾ. ಆದ್ರ ಅವರು ತಾವಾಗೇ ಒಪ್ಯಾರ. ಖುಷೀಲೆ ಒಪ್ಯಾರ."

"ದೊಡ್ಡ ಮನಷ್ಯಾರು, ಚಲೋ ಇರಲಿ. ನನ್ನ ಮಾತ್ರ ಅಲ್ಲಿ ಒಯ್ಯಬ್ಯಾಡ್ರಪಾ."

ತಂಗಿ ನಡುವೆ ಬಾಯಿ ಹಾಕಿದಳು. ನಾನು, "ಅವ್ವಾ, ಅಪ್ಪ ಅಲ್ಲೇ ಅದಾನಲ್ಲ?" ಎಂದೆ.

"ನಿಮ್ಮಪ್ಪಗ ಗೊತ್ತಿರಲಿಲ್ಲ. ತಂದೇ ಹೊಲ ಅಂತ ಹೋಗಿ ಕುಂತಾನ, ಅವಂದೇನ್ ತಪ್ಪದ? ನಾ ಗೊತ್ತಿದ್ದೂ ಗೊತ್ತಿದ್ದೂ ಮಂದಿ ಹೊಲದಾಗ ಹ್ಯಾಂಗ ಹೋಗಿ ಕೂಡ್ಲಿ?"

ಬೇಡಿಕೊಂಡೆ. ಮುದುಕನಿಂದ ಫೋನು ಮಾಡಿಸುತ್ತೇನೆಂದೆ. ಅಷ್ಟು ಜಾಗವನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳುತ್ತೇನೆಂದೆ. ಅವಳು ತಲೆಯಾಡಿಸುತ್ತಲೇ ಇದ್ದಳು. ಮುತ್ತಜ್ಜ ಕಾಯುತ್ತೇನೆಂದು ಹೇಳಿದ ಹೊಲದಲ್ಲಿ ಮರಿಮಕ್ಕಳು ತುಂಡು ಕೇಳಬಾರದು ಎಂದಳು. ಕೊನೆಗೆ ಕಣ್ಣು ತೆರೆದು ಫೋನಿನತ್ತ ನೋಡಿದಳು.

"ಆ ಕಾಗದ ನೀ ನನಗ ಹೇಳಬಾರದಿತ್ತಪಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಬೇಕೆಂದು ತಂಗಿಗೆ ಸನ್ನೆ ಮಾಡಿದಳು.

ತಾರೀಖಿಗೆ ಮೊದಲೇ ಅವ್ವ ತೀರಿಕೊಂಡಳು. ಸಾವಿನ ಸುದ್ದಿಗೆ ರಜೆ ಸಿಕ್ಕು ನಾನು ಮುಟ್ಟುವ ತನಕ ಇಟ್ಟಿದ್ದರು. ಅವಳ ಮಾತಿನಂತೆ ಹಳ್ಳದ ಕಡೆಗೆ ಒಯ್ಯಲಿಲ್ಲ, ತಂಗಿಯ ಊರಿನ ಸಾರ್ವಜನಿಕ ರುದ್ರಭೂಮಿಯಲ್ಲಿ, ಪಂಚಾಯಿತಿಯವರು ತೋರಿಸಿದ ಜಾಗದಲ್ಲಿ ಮಣ್ಣು ಮಾಡಿದೆವು. ಮುದುಕ ಹೇಳಿದ ಮಾತಿನಂತೆ ಕೋರ್ಟಿಗೆ ಬಂದು ಬರೆದುಕೊಟ್ಟ. ಹೊಲದಲ್ಲಿ ಅಗೆಯಬಹುದೆಂಬ ಆದೇಶ ಅವ್ವ ತೀರಿಕೊಂಡ ಮೂರನೆಯ ದಿನಕ್ಕೆ ನಮ್ಮ ಕೈಸೇರಿತು.